ತಗಡು ಬಡಿದವಳು

ತಗಡು ಬಡಿದವಳು ದೊಡ್ಡಕ್ಕ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಅವಳಿಗಂತೂ ಇಲ್ಲವೇ ಇಲ್ಲ.

ಉಪ್ಪಿನ ಆಗರದಲ್ಲಿ ಹೆಂಗಸರ ಗುಡಿಸಲಿನ ಮುಂದೆ ಒಂದು ಕಂಬವಿದೆ. ಕಂಬಕ್ಕೆ ತುಕ್ಕು ಹಿಡಿದ ತಗಡು ಕಟ್ಟಿದ್ದಾರೆ. ಸಮುದ್ರದ ಕಡೆ ಮೋಡ ಕಂಡವರು ಓಡಿಹೋಗಿ ಅದನ್ನು ಬಡಿಯಬೇಕು. ಸದ್ದು ಕೇಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಉಪ್ಪು ಕಟ್ಟುವ ಪಾತಿಗೆ ಇಳಿಯಬೇಕು. ಉಣ್ಣುತ್ತಿದ್ದವಳು ತಟ್ಟೆ ಬಿಟ್ಟು, ಹಾಲು ಕುಡಿಸುತ್ತಿದ್ದವಳು ಮಗು ಬಿಟ್ಟು. ಯಾರು ಕಂಡದ್ದು, ಎಷ್ಟು ದೊಡ್ಡ ಮೋಡ, ಮಳೆ ಬಂದೇ ಬರುತ್ತದೆಯೇ ಎಂದು ಕೇಳುವಂತಿಲ್ಲ. ಕೇಳುತ್ತ ನಿಂತರೆ ವಾರಗಟ್ಟಲೆ ಬಿಸಿಲಿಗೆ ಹರಳುಗಟ್ಟಿದ ಉಪ್ಪು ಒಂದೇ ಮಳೆಗೆ ಮತ್ತೆ ನೀರು. ಎಳೆದು, ಹೊತ್ತು, ರಾಶಿಗೆ ಸುರಿದ ಉಪ್ಪಿಗೆ ಮಾತ್ರ ಕೂಲಿ. ಪಾತಿಯಲ್ಲಿ ಕರಗಿದ್ದಕ್ಕೆ ಮೇಸ್ತ್ರಿಯ ಬೈಗುಳ.

ಆ ದಿನ ನಡುಮಧ್ಯಾಹ್ನ. ಈಗೀಗ ನಡುಮಧ್ಯಾಹ್ನ ಯಾರೂ ಪಾತಿಗೆ ಇಳಿಯುವುದಿಲ್ಲ. ದೊಡ್ಡಕ್ಕನ ಹರೆಯದಲ್ಲಿ ಇಳಿಯುತ್ತಿದ್ದರು. ಆಗಲೂ ಬಿಸಿಲು ಬಿಸಿಲೇ, ಆದರೆ ಅದರ ಜೊತೆ ಹೇಗೋ ಬಾಳಬಹುದಿತ್ತು. ಈಗ ಆಗುವುದಿಲ್ಲ. ಪಾತಿಯ ನೀರು ಕಾಲು ಸುಡುತ್ತದೆ. ಬೆಳ್ಳನೆಯ ನೆಲದಿಂದ ಎದ್ದ ಝಳ ಗಲ್ಲದ ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ. ಹೋದ ವರ್ಷ ಇಬ್ಬರು ಬಿದ್ದರು, ಒಬ್ಬಳು ಎದ್ದಳು. ಅಂದಿನಿಂದ ಬಿಸಿಲೇರುತ್ತಿದ್ದಂತೆ ಎಲ್ಲರೂ ಗುಡಿಸಲು ಸೇರಿ, ಒದ್ದೆ ಬಟ್ಟೆ ಮುಖದ ಮೇಲೆ ಹರವಿಕೊಂಡು ಮಲಗುತ್ತಾರೆ.

ದೊಡ್ಡಕ್ಕನ ಮಗಳು ಮಲಗಿರಲಿಲ್ಲ. ಗೋಣಿಚೀಲ ಹೊಲಿಯುತ್ತಿದ್ದಳು. ಅವಳ ಹೊಟ್ಟೆ ಕಾಣಿಸತೊಡಗಿದ ಮೇಲೆ ದೊಡ್ಡಕ್ಕ ಮೇಸ್ತ್ರಿಯ ಜೊತೆ ಜಗಳ ಕಾಯ್ದು ಕೂತು ಮಾಡುವ ಕೆಲಸ ಕೊಡಿಸಿದ್ದಳು.

“ಏನೇ, ಚೀಲಕ್ಕಿಂತ ಬೇಗ ನಿನ್ನ ಹೊಟ್ಟೆನೇ ತುಂಬ್ತಾ ಇದೆ,” ಎಂದಳು ರೇಡಿಯೊ, ಬಟ್ಟೆಯ ಅಡಿಯಿಂದ. ಮಲಗಿದರೂ ಬಾಯಿ ನಿಲ್ಲದ ಹೆಂಗಸು. ಅದಕ್ಕೇ ಆ ಹೆಸರು.

“ನಿಮ್ಮ ಬಾಯಿ ಹೊಲಿಯೋಕೂ ಒಂದಿಷ್ಟು ದಾರ ಇಟ್ಟಿದ್ದೀನಿ, ಚಿಕ್ಕಮ್ಮ.”

“ಅಷ್ಟು ದಾರ ಎಲ್ಲಿಂದ ತರ್ತೀಯೇ!”

ಬಟ್ಟೆಗಳ ಅಡಿಯಲ್ಲಿ ಹೆಂಗಸರು ನಕ್ಕರು. ದೊಡ್ಡಕ್ಕನೂ ನಕ್ಕಳು. ನಗುತ್ತಲೇ ಡ್ರಮ್ಮಿನಿಂದ ನೀರು ತರಲು ಹೊರಗೆ ಬಂದಳು. ಮೋಡ ಕಂಡಳು.

ಅದು ಕಪ್ಪಗಿರಲಿಲ್ಲ. ಬೆಳ್ಳಗಿತ್ತು, ತೊಳೆದ ಹತ್ತಿಯ ಹಾಗೆ. ಸಮುದ್ರಕ್ಕೆ ಅಂಟಿಕೊಂಡು, ಉದ್ದಕ್ಕೆ, ಆಗರದ ಕಡೆಗೇ ಬರುತ್ತಿತ್ತು. ಈ ಕಾಲದಲ್ಲಿ ಮೋಡ ಬರುವುದಿಲ್ಲ. ಆದರೆ ಈಗ ಯಾವುದು ಯಾವಾಗ ಬರುತ್ತದೆಂದು ಯಾರು ಹೇಳುತ್ತಾರೆ? ಹೋದ ವರ್ಷ ಬಾರದ ಕಾಲದಲ್ಲಿ ಮಳೆ ಬಂದು ಅರ್ಧ ಆಗರ ತೊಳೆದುಹೋಗಿತ್ತು. ಅವಳು ನಿಂತು ನೋಡಲಿಲ್ಲ. ನೋಡುತ್ತ ನಿಲ್ಲಬಾರದು ಎಂದು ಅವಳೇ ಎಷ್ಟೋ ಹುಡುಗಿಯರಿಗೆ ಕಲಿಸಿದ್ದಳು. ಕೈಯಲ್ಲಿದ್ದ ಚೊಂಬಿನಿಂದಲೇ ತಗಡು ಬಡಿದಳು.

ಎಲ್ಲರೂ ಓಡಿದರು.

ಉದ್ದ ಹಿಡಿಯ ಮರದ ಹಲಗೆ ಹಿಡಿದು ಪಾತಿಗೆ ಇಳಿದರು. ಇನ್ನೂ ಬಲಿಯದ ಉಪ್ಪು, ಅಡಿಯ ಕೆಸರಿನ ಸಮೇತ ಕಿತ್ತು ಬಂತು. ಎಳೆಯುವವರು ಎಳೆದರು, ಹೊರುವವರು ಹೊತ್ತರು. ಮೋಡ ಇನ್ನೂ ದೂರ. ಸೂರ್ಯ ನೆತ್ತಿಯ ಮೇಲೆ. ದೊಡ್ಡಕ್ಕ ಬುಟ್ಟಿ ಎತ್ತಿ ತಿರುಗಿದರೆ ಪಕ್ಕದ ಪಾತಿಯಲ್ಲಿ ಮಗಳು, ಸೀರೆ ಎತ್ತಿ ಕಟ್ಟಿ, ಹಲಗೆ ಎಳೆಯುತ್ತಿದ್ದಾಳೆ.

“ನೀನ್ಯಾಕೆ ಬಂದೆ?”

“ತಗಡು ಬಡಿದ್ರಲ್ಲಮ್ಮ.”

“ಒಳಗೆ ಹೋಗು.”

“ಇದೊಂದು ಪಾತಿ ಎಳೆದು ಹೋಗ್ತೀನಿ.”

ದೊಡ್ಡಕ್ಕ ಎರಡನೇ ಸಲ ಹೇಳಲಿಲ್ಲ. ಕೈಗಳು ಬೇಕಾಗಿದ್ದವು.

ಮಗಳು ಆ ಪಾತಿ ಎಳೆದಳು. ಇನ್ನೊಂದನ್ನೂ ಎಳೆದಳು. ಆಮೇಲೆ ಹಲಗೆ ಊರಿ ನಿಂತು ಏನೋ ಹೇಳಿದಳು. ಮಾತು ತೊದಲಿತು. ದೊಡ್ಡಕ್ಕ ಹತ್ತಿರ ಹೋಗಿ ಹಣೆ ಮುಟ್ಟಿದರೆ ಬೆವರಿಲ್ಲ. ಒಣಗಿದ ಹಣೆ, ಒಲೆಯ ಮೇಲಿನ ಹೆಂಚಿನ ಹಾಗೆ. ಮಗಳು ಅವಳನ್ನು ನೋಡಿ ಗುರುತು ಸಿಗದವಳ ಹಾಗೆ ನಕ್ಕಳು. ಆ ನಗುವಿನಲ್ಲೇ ಬಿದ್ದಳು.

ಆಗ ನೆರಳು ಬಂತು. ಬೆಳ್ಳನೆಯ ಮೋಡ ಆಗರದ ಮೇಲೆ ಹರಡಿತು. ಗಾಳಿ ತಣ್ಣಗಾಯಿತು. ಹೆಂಗಸರು ಮೈಮೇಲಿನ ಬಟ್ಟೆ ಸಡಿಲಿಸಿ, ಮಡಕೆಯ ನೀರು ಸುರಿದು, ಕೈಕಾಲು ತಿಕ್ಕಿದರು. ಎಷ್ಟು ಹಿತವಾದ ನೆರಳು! ಅದರ ಕೆಳಗೆ ಮಗಳು ಸತ್ತಳು, ಅವಳ ಹೊಟ್ಟೆಯಲ್ಲಿದ್ದದ್ದೂ ಸತ್ತಿತು. ಸ್ವಲ್ಪ ಹೊತ್ತಿಗೆ ಮೋಡ ಹೋಯಿತು.

ಮಳೆ ಬರಲಿಲ್ಲ. ಒಂದು ಹನಿಯೂ ಬರಲಿಲ್ಲ.

*

ಆಸ್ಪತ್ರೆಯ ಡಾಕ್ಟರು ಬಿಸಿಲಿನ ಹೊಡೆತ ಎಂದರು. ಮೇಸ್ತ್ರಿ ಕೆಸರು ಬೆರೆತ ಉಪ್ಪನ್ನು ಕಾಲಿನಿಂದ ಒದ್ದು, ಇದನ್ನು ದನವೂ ನೆಕ್ಕುವುದಿಲ್ಲ ಎಂದ.

ದೊಡ್ಡಕ್ಕನಿಗೆ ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ಜಗಳದಲ್ಲಿ ಏಳೇಳು ತಲೆಮಾರು ಎಳೆದು ತರುವ ಹೆಂಗಸರು ಅವಳ ಎದುರು ತಗಡಿನ ಮಾತನ್ನೇ ಎತ್ತಲಿಲ್ಲ. ಅವಳಿಗೆ ಬೈಗುಳ ಬೇಕಾಗಿತ್ತು. ಯಾರಾದರೂ ಎದೆಯ ಮೇಲಿನ ಸೆರಗು ಹಿಡಿದು, ನಿನ್ನ ಕಣ್ಣಿಗೆ ಏನು ಬಂದಿತ್ತೇ, ಬಿಳಿ ಮೋಡ ಕರಿ ಮೋಡ ಗೊತ್ತಾಗಲಿಲ್ಲವೇ ಎಂದು ಕೇಳಬೇಕಾಗಿತ್ತು. ಯಾರೂ ಕೇಳದಿದ್ದಾಗ ಅವಳೇ ಕೇಳಿಕೊಳ್ಳಬೇಕಾಯಿತು. ಹಲಗೆ ಎಳೆಯುವಾಗ ಕೇಳಿಕೊಂಡಳು. ಪಾತ್ರೆ ತಿಕ್ಕುವಾಗ ಕೇಳಿಕೊಂಡಳು. ಮಗಳು ಹೊಲಿದು ಅರ್ಧಕ್ಕೆ ಬಿಟ್ಟ ಚೀಲವನ್ನು ಮೇಸ್ತ್ರಿಗೆ ಕೊಡುವ ಮುನ್ನ ತಾನೇ ಹೊಲಿದು ಮುಗಿಸುವಾಗ ಕೇಳಿಕೊಂಡಳು.

ಮೋಡ ಯಾರದೆಂದು ಗೊತ್ತಾದದ್ದು ರೇಡಿಯೊಳಿಂದ. ಅವಳ ತಂಗಿ ಊರಿನ ದೊಡ್ಡ ಹೋಟೆಲಿನಲ್ಲಿ ಹಾಸಿಗೆಯ ಬಟ್ಟೆ ಒಗೆಯುವವಳು.

“ಅದು ಮೋಡ ಅಲ್ವಂತೆ, ದೊಡ್ಡಕ್ಕ. ಅಂದ್ರೆ ಮೋಡನೇ, ಆದ್ರೆ ಮಾಡಿದ್ದಂತೆ,” ಎಂದು ಉಸಿರು ಹಿಡಿದು ಹೇಳಿದಳು. “ಸಮುದ್ರದಲ್ಲಿ ಒಂದು ಹಡಗು ನಿಂತಿದೆಯಲ್ಲ, ಕೊಳವೆ ಕೊಳವೆ ಇರೋದು, ಅದು ಉಪ್ಪುನೀರನ್ನ ಹೊಗೆ ಮಾಡಿ ಮೇಲಕ್ಕೆ ಉಗುಳುತ್ತಂತೆ. ಮೋಡ ದಪ್ಪ ಆಗುತ್ತೆ, ಬೆಳ್ಳಗಾಗುತ್ತೆ. ಬಿಸಿಲು ಬಂದ ದಾರೀಲೇ ವಾಪಸ್ ಹೋಗುತ್ತಂತೆ. ಲೋಕಾನೇ ತಣ್ಣಗೆ ಮಾಡ್ತಾರಂತೆ.”

“ಯಾರು ಹೇಳಿದ್ದು?”

“ಹೋಟೆಲಿನವರಿಗೆ ಮೊದಲೇ ಗೊತ್ತಿತ್ತಂತೆ. ಹಡಗಿನವರು ಹಿಂದಿನ ದಿನವೇ ಹೇಳಿದ್ರಂತೆ. ಇಳಿದುಕೊಂಡವರೆಲ್ಲ ನೋಡಲಿ ಅಂತ ತಾರಸಿ ಮೇಲೆ ಕುರ್ಚಿ ಹಾಕಿಸಿದ್ರಂತೆ. ತಂಪು ಪಾನೀಯ ಬೇರೆ.”

ದೊಡ್ಡಕ್ಕ ಹಲಗೆ ಎಳೆಯುವುದನ್ನು ನಿಲ್ಲಿಸಿದಳು.

“ಕುರ್ಚಿ?”

“ಕುರ್ಚಿ. ದೋಣಿಯವರಿಗೂ ಹೇಳಿದ್ರಂತೆ, ಆ ಕಡೆ ಬಲೆ ಬೀಸಬೇಡಿ ಅಂತ.” ರೇಡಿಯೊ ದನಿ ತಗ್ಗಿಸಿದಳು. “ನಮಗೆ ಯಾಕೆ ಹೇಳ್ಲಿಲ್ಲ ಅಂತ ನನ್ನ ತಂಗಿಗೂ ಗೊತ್ತಿಲ್ಲ.”

*

ಮೋಡ ಮಾಡುವವರ ಕಡೆಯ ಮೇಡಂ ಮನೆಗೆ ಬಂದದ್ದು ಅಳಿಯನ ಜೊತೆ. ಅಳಿಯ ಪಂಪಿನ ಫಿಟ್ಟರು. ಹೆಂಡತಿ ಸತ್ತ ಮೇಲೆ ಆಗರದ ಪಂಪು ಬಿಟ್ಟು ಆ ಹಡಗಿನ ಕೆಲಸಕ್ಕೆ ಸೇರಿದ್ದ. ಮೊದಲು ಕೇಳಿದಾಗ ದೊಡ್ಡಕ್ಕನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆಮೇಲೆ ಅನ್ನಿಸಿತು, ಅವನಿಗೂ ಒಂದು ಜಾಗ ಬೇಕಲ್ಲ, ಆಗರ ಕಣ್ಣಿಗೆ ಬೀಳದ ಜಾಗ.

ಅವನು ನೀಲಿ ಅಂಗಿ ಹಾಕಿದ್ದ. ಜೇಬಿನ ಮೇಲೆ ಬಿಳಿ ಮೋಡದ ಚಿತ್ರ. ಬಾಗಿಲಲ್ಲೇ ನಿಂತ. ಮೇಡಂ ಒಳಗೆ ಬಂದು, ಇದ್ದ ಒಂದೇ ಸ್ಟೂಲನ್ನು ಸರಿಸಿ, ನೆಲದ ಮೇಲೆ ಕೂತಳು. ಚಿಕ್ಕ ವಯಸ್ಸು. ಹೆಚ್ಚು ಕಡಿಮೆ ಮಗಳದೇ ವಯಸ್ಸು. ಬಿಸಿಲಿಗೆ ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು. ಅದನ್ನು ಕಂಡು ದೊಡ್ಡಕ್ಕನಿಗೆ ಅವಳ ಮೇಲೆ ಪೂರ್ತಿ ಸಿಟ್ಟು ಮಾಡಲು ಆಗಲಿಲ್ಲ.

“ನೀವು ಮಗಳನ್ನ ಕಳಕೊಂಡಿದ್ದೀರಿ. ಏನು ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ ಅಮ್ಮ,” ಎಂದಳು. ಸುಳ್ಳು ಹೇಳುವ ಮುಖವಲ್ಲ.

“ಆ ಮೋಡ ನಿಮ್ಮದೇ?”

“ಹೌದು. ಪ್ರಯೋಗ. ಚಿಕ್ಕದು.”

“ನಮಗೆ ಮೊದಲೇ ಹೇಳಬಹುದಿತ್ತಲ್ಲ.”

“ಹೇಳಬೇಕಾದವರಿಗೆಲ್ಲ ಹೇಳಿದ್ವಿ.” ಅವಳು ಹಾಗೆಂದು ತಲೆ ತಗ್ಗಿಸಿದಳು. “ಯಾರಿಗೆ ಹೇಳೋದು ಅನ್ನೋದು ನನ್ನ ಕೈಯಲ್ಲಿರಲಿಲ್ಲ.”

ದೊಡ್ಡಕ್ಕ ಲೋಟದಲ್ಲಿ ಚಹಾ ಕೊಟ್ಟಳು. ಮೇಡಂ ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡಿದಳು. ಲೋಕ ಬಿಸಿಯಾಗುತ್ತಿದೆ ಎಂದಳು. ಕಾರ್ಖಾನೆಗಳ ಹೊಗೆ ಬಿಟ್ಟವರು ಬೇರೆ, ಬೇಯುವವರು ಬೇರೆ ಎಂದಳು. ಹೊಗೆ ನಿಲ್ಲಿಸಬೇಕು, ಆದರೆ ಅದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಹೊಲದಲ್ಲಿ, ರಸ್ತೆಯಲ್ಲಿ, ಉಪ್ಪಿನಲ್ಲಿ ನಿಂತು ಕೆಲಸ ಮಾಡುವವರು ಸಾಯುತ್ತಲೇ ಇರುತ್ತಾರೆ, ಮೋಡ ಅವರಿಗಾಗಿ ಎಂದಳು. ಮುಂದಿನ ವಾರ ಅಹವಾಲು ಸಭೆ ಇದೆ. ದೊಡ್ಡ ಪ್ರಯೋಗಕ್ಕೆ ಜನರ ಒಪ್ಪಿಗೆ ಬೇಕು. ಅಲ್ಲಿ ದೊಡ್ಡಕ್ಕ ಮಾತಾಡಬೇಕು.

“ನಾನೇನು ಮಾತಾಡ್ಲಿ? ನನಗೆ ಮೋಡದ ವಿಷಯ ಏನು ಗೊತ್ತು?”

“ಮೋಡದ ವಿಷಯ ಬೇಡ. ಬಿಸಿಲಿನ ವಿಷಯ ಹೇಳಿ. ಬಿಸಿಲು ನನ್ನ ಮಗಳನ್ನ ಕೊಂದಿತು ಅಂತ ಹೇಳಿ. ಅಷ್ಟೇ. ನಾವು ಎಷ್ಟು ಲೆಕ್ಕ ತೋರಿಸಿದ್ರೂ ಅವರು ಆಕಳಿಸ್ತಾರೆ. ನೀವು ಹೇಳಿದ್ರೆ ಕೇಳ್ತಾರೆ.”

ದೊಡ್ಡಕ್ಕ ಸ್ಟೂಲನ್ನು ಗೋಡೆಗೆ ಸರಿಸಿಟ್ಟಳು.

“ಅದು ನಿಜ ತಾನೇ, ಅಮ್ಮ? ಡಾಕ್ಟರೂ ಅದನ್ನೇ ಹೇಳಿದ್ದು.” ಮೇಡಂ ಲೋಟ ಕೆಳಗಿಟ್ಟು ಅವಳ ಮೊಣಕಾಲು ಮುಟ್ಟಿದಳು. “ತಗಡಿನ ವಿಷಯ ಇವರು ಹೇಳಿದ್ರು. ನೀವು ಅದನ್ನ ಮನಸ್ಸಿಗೆ ಹಚ್ಚಿಕೋಬೇಡಿ. ನಿಮ್ಮ ತಪ್ಪಲ್ಲ. ಕೊಂದದ್ದು ಬಿಸಿಲು.”

ನಿಮ್ಮ ತಪ್ಪಲ್ಲ. ಅಷ್ಟು ದಿನವಾದರೂ ಆ ಮಾತನ್ನು ಯಾರೂ ಹೇಳಿರಲಿಲ್ಲ. ಬೈಗುಳ ಬೇಕೆಂದುಕೊಂಡಿದ್ದ ದೊಡ್ಡಕ್ಕನಿಗೆ ತನಗೆ ಬೇಕಾಗಿದ್ದದ್ದು ಇದು ಎಂದು ಆಗ ತಿಳಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಸತ್ತ ದಿನ ಅಳದವಳು, ಒಬ್ಬ ಗುರುತಿಲ್ಲದ ಹುಡುಗಿಯ ಮುಂದೆ ಅತ್ತಳು. ಬರುತ್ತೇನೆ ಎಂದಳು.

ಮೇಡಂ ಹೊರಟ ಮೇಲೆ ಅಳಿಯ ಬಾಗಿಲಲ್ಲೇ ಉಳಿದ.

“ಅತ್ತೆ, ಹಾಗೇ ಹೇಳಿಬಿಡಿ,” ಎಂದ. “ಇಬ್ಬರಿಗೂ ಹಗುರ ಆಗುತ್ತೆ. ಸಭೆ ಚೆನ್ನಾಗಿ ಆದ್ರೆ ನನ್ನ ಕೆಲಸವೂ ಕಾಯಂ ಅಂತ ಹೇಳಿದ್ದಾರೆ.”

“ನೀನೇ ಆ ಪಂಪು ಬಿಗಿಯೋದಾ?”

“ಹೂಂ.”

“ಬಿಗಿಯುವಾಗ ಏನನ್ನಿಸುತ್ತೆ?”

ಅವನು ಕೈ ನೋಡಿಕೊಂಡ. “ಬಿಗಿಯುವಾಗ ಬಿಗಿತೀನಿ, ಅತ್ತೆ. ಏನೂ ಅನ್ನಿಸಬಾರದು ಅಂತಲೇ ಬಿಗಿತೀನಿ.”

*

ಮರುದಿನದಿಂದ ದೊಡ್ಡಕ್ಕ ಆ ಮಾತನ್ನು ಹೇಳಿ ಹೇಳಿ ನೋಡಿದಳು. ಬಿಸಿಲು ನನ್ನ ಮಗಳನ್ನ ಕೊಂದಿತು. ಹಲಗೆ ಮುಂದೆ ಹೋಗುವಾಗ ಅರ್ಧ, ಹಿಂದೆ ಬರುವಾಗ ಅರ್ಧ. ಹೇಳಿದಷ್ಟೂ ಹಗುರವಾಗುತ್ತಿತ್ತು. ರಾತ್ರಿ ನಿದ್ದೆಯೂ ಬಂತು.

ಹಗುರವಾದ ಮೇಲೆ ಒಂದು ಸಂಗತಿ ಅವಳಿಗೆ ಕಾಣಿಸಿತು. ಆ ಮಾತಿನಲ್ಲಿ ಮಗಳು ಓಡುವುದೇ ಇಲ್ಲ. ಆ ಮಾತಿನಲ್ಲಿ ಅವಳು ಬಿಸಿಲಿಗೆ ಒಡ್ಡಿಕೊಂಡು ಸುಮ್ಮನೆ ಬಿದ್ದಿದ್ದಾಳೆ, ದಾರಿಯ ಮೇಲಿನ ಎಲೆಯ ಹಾಗೆ. ಸೂಜಿ ಚೀಲಕ್ಕೆ ಚುಚ್ಚಿಟ್ಟು ಎದ್ದವಳು ಇಲ್ಲ. ಸೀರೆ ಎತ್ತಿ ಕಟ್ಟಿದವಳು ಇಲ್ಲ. ಇದೊಂದು ಪಾತಿ ಎಳೆದು ಹೋಗ್ತೀನಿ ಎಂದವಳು ಇಲ್ಲವೇ ಇಲ್ಲ. ತಾನು ತಗಡು ಬಡಿದ ಚೊಂಬನ್ನು ಕೆಳಗಿಟ್ಟು ಹಗುರಾಗಬೇಕಾದರೆ ಮಗಳ ಕೈಯಿಂದ ಹಲಗೆಯನ್ನೂ ಕಸಿದುಕೊಳ್ಳಬೇಕು. ಅವಳು ಬದುಕಿನಲ್ಲಿ ಕೊನೆಗೆ ಮಾಡಿದ ಕೆಲಸ ಅದು. ಎಲ್ಲರ ಉಪ್ಪು ಉಳಿಯಲೆಂದು ಮಾಡಿದ್ದು.

ದೊಡ್ಡಕ್ಕನ ನಿದ್ದೆ ಮತ್ತೆ ಹೋಯಿತು.

“ಹೋಗಿ ಹೇಳಿಬಿಡೇ,” ಎಂದಳು ರೇಡಿಯೊ. ಇಬ್ಬರೂ ಒಂದೇ ಬುಟ್ಟಿಗೆ ಕೈ ಕೊಟ್ಟು ಎತ್ತುತ್ತಿದ್ದರು. “ಮೋಡ ಬರ್ಲಿ. ಅವರ ಮೋಡನೋ ದೇವರ ಮೋಡನೋ, ನನ್ನ ತಲೆ ಮೇಲೆ ಒಂದು ನೆರಳು ಬಂದ್ರೆ ಸಾಕು. ನನಗೆ ಈಗ ಬೆಳಿಗ್ಗೇನೇ ಕಣ್ಣು ಕತ್ತಲೆ ಬರುತ್ತೆ, ನಿನಗೆ ಹೇಳಿಲ್ಲ ಅಷ್ಟೇ.”

“ನೆರಳು ಬಂದ್ರೆ ಉಪ್ಪು ಹೇಗೆ ಆಗುತ್ತೆ?”

“ಆಗದಿದ್ರೆ ಬಿಡು. ಉಪ್ಪು ಬದುಕಿ ನಾನು ಸತ್ರೆ ಅದನ್ನ ನನ್ನ ಬಾಯಿಗೆ ಹಾಕ್ತೀಯಾ?”

“ಆಮೇಲೆ ಏನು ಮಾಡಿ ತಿಂತೀಯ?”

ಬಿಸಿಲು ಅನ್ನ ಕೊಡುತ್ತದೆ, ಬಿಸಿಲು ಕೊಲ್ಲುತ್ತದೆ. ಇಬ್ಬರೂ ತಲೆಯ ಮೇಲೆ ಒಂದೊಂದು ಬುಟ್ಟಿ ಹೊತ್ತು ರಾಶಿಯ ಕಡೆಗೆ ನಡೆದರು. ಉಪ್ಪುನೀರು ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿದು ಹುಣ್ಣಿನ ಮೇಲೆ ಉರಿಯಿತು.

*

ಸಭೆ ಆದದ್ದು ಆ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ. ಆಗರದ ಹೆಂಗಸರನ್ನು ವ್ಯಾನಿನಲ್ಲಿ ಕರೆತಂದು ಮೊದಲ ಎರಡು ಸಾಲಿನಲ್ಲಿ ಕೂರಿಸಿದರು. ಎಲ್ಲರ ತಲೆಗೂ ಒಂದೊಂದು ಬಿಳಿ ಟೋಪಿ ಹಾಕಿದರು. ಮುಡಿ ಇದ್ದವರಿಗೆ ಟೋಪಿ ನಿಲ್ಲಲಿಲ್ಲ. ಒಳಗೆ ಎಷ್ಟು ತಣ್ಣಗಿತ್ತೆಂದರೆ ಹೆಂಗಸರು ಸೆರಗು ಹೊದ್ದು ಒಬ್ಬರಿಗೊಬ್ಬರು ಒತ್ತಿಕೊಂಡರು.

“ಲೋಕ ತಣ್ಣಗೆ ಮಾಡೋದನ್ನ ಇಲ್ಲಿಂದಲೇ ಶುರು ಮಾಡಿದ್ದಾರೆ ಕಣೇ,” ಎಂದಳು ರೇಡಿಯೊ. ಯಾರಿಗೂ ನಗು ಬರಲಿಲ್ಲ.

ಪರದೆಯ ಮೇಲೆ ಚಿತ್ರ ತೋರಿಸಿದರು. ಸಂಗೀತದ ಜೊತೆ ಬೆಳ್ಳನೆಯ ಮೋಡ ಎದ್ದು ಬಂತು. ಮೇಲಿನಿಂದ ತೆಗೆದ ಚಿತ್ರ. ಆಗರ ಕನ್ನಡಿಯ ಚೂರುಗಳ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಮನುಷ್ಯರು ಕಾಣುವಷ್ಟು ಹತ್ತಿರದಿಂದ ತೆಗೆದದ್ದಲ್ಲ. ದೊಡ್ಡಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಆ ಹೊಳಪಿನಲ್ಲಿ ಎಲ್ಲೋ ಮಗಳು ಓಡುತ್ತಿದ್ದಾಳೆ. ಅಥವಾ ಆಗಲೇ ಬಿದ್ದಿದ್ದಾಳೆ.

“ಮೊದಲ ಪ್ರಯೋಗ ಸಂಪೂರ್ಣ ಯಶಸ್ವಿಯಾಗಿದೆ,” ಎಂದರು ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿ. “ಕೆಲವರು ಸುಮ್ಮನೆ ಹೆದರಿಸುತ್ತಾರೆ. ಒಂದು ಹನಿ ಮಳೆಯೂ ಬೀಳಲಿಲ್ಲ. ಯಾರೊಬ್ಬರಿಗೂ ತೊಂದರೆಯಾಗಲಿಲ್ಲ.”

ಆಮೇಲೆ ದೊಡ್ಡಕ್ಕನನ್ನು ಕರೆದರು. ಮೇಡಂ ಕೈ ಹಿಡಿದು ವೇದಿಕೆ ಹತ್ತಿಸಿದಳು, ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟಳು. ಹಿಂದೆ ಗೋಡೆಯ ಹತ್ತಿರ ನೀಲಿ ಅಂಗಿಯವರ ನಡುವೆ ಅಳಿಯ ನಿಂತಿದ್ದ.

“ಬಿಸಿಲು ನನ್ನ ಮಗಳನ್ನ ಕೊಂದಿತು,” ಎಂದಳು ದೊಡ್ಡಕ್ಕ.

ಮಾತು ದೊಡ್ಡದಾಗಿ ನಾಲ್ಕೂ ಗೋಡೆಗೆ ಬಡಿಯಿತು. ಜನ ಚಪ್ಪಾಳೆ ತಟ್ಟಿದರು. ಯಾರೋ ಕಣ್ಣು ಒರೆಸಿಕೊಂಡರು. ಸಭೆಯ ಅಧ್ಯಕ್ಷರು ಕೈ ಮುಗಿದು ಅವಳನ್ನು ಕೆಳಗೆ ಕಳಿಸಲು ಎದ್ದರು.

“ಇನ್ನೂ ಮುಗಿದಿಲ್ಲ,” ಎಂದಳು. “ಬಿಸಿಲಿಗೆ ಅವಳು ಯಾಕೆ ಬಂದ್ಲು ಅಂತ ಕೇಳಿ.”

ಯಾರೂ ಕೇಳಲಿಲ್ಲ.

“ನೀವು ಕೇಳಲ್ಲ. ನಾನೇ ಹೇಳ್ತೀನಿ. ಅವಳು ನೆರಳಲ್ಲಿ ಕೂತಿದ್ಲು. ಚೀಲ ಹೊಲೀತಿದ್ಲು. ಬಸುರಿ. ನಾನು ತಗಡು ಬಡಿದೆ, ಅದಕ್ಕೆ ಬಂದ್ಲು. ನಾನು, ಅವಳ ತಾಯಿ, ಬಡಿದು ಕರೆದೆ. ಮೋಡ ಕಂಡ್ರೆ ಬಡಿಯೋದು ನಮ್ಮ ರೂಢಿ. ಮಳೆ ಬಂದ್ರೆ ಉಪ್ಪು ಹೋಗುತ್ತೆ. ಉಪ್ಪು ಹೋದ್ರೆ ನಾವು ಹೋಗ್ತೀವಿ. ಅದಕ್ಕೆ ಓಡ್ತೀವಿ. ಆವತ್ತು ಬಂದದ್ದು ನಿಮ್ಮ ಮೋಡ. ಮಳೆ ಸುರಿಸೋ ಮೋಡ ಅಲ್ಲ ಅಂತ ನಿಮಗೆ ಗೊತ್ತಿತ್ತು. ಈ ಹೋಟೆಲಿನವರಿಗೆ ಗೊತ್ತಿತ್ತು. ಈ ತಾರಸಿ ಮೇಲೆ ಕುರ್ಚಿ ಹಾಕ್ಸಿದ್ರಿ. ಸಮುದ್ರದಲ್ಲಿ ದೋಣಿಯವರಿಗೆ ಹೋಗಿ ಹೇಳಿದ್ರಿ. ಆ ಹಡಗಿಗೂ ಇಲ್ಲಿಗೂ ಮಧ್ಯದಲ್ಲಿ ನಾವು ನಿಂತಿದ್ದೀವಿ. ನಮಗೆ ಒಂದು ಮಾತು ಹೇಳಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?”

ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ದೊಡ್ಡಕ್ಕ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

“ಅಮ್ಮ, ಸಮಾಧಾನ ಮಾಡ್ಕೊಳ್ಳಿ,” ಎಂದರು ಅಧ್ಯಕ್ಷರು. “ನಿಮ್ಮ ದುಃಖ ನಮಗೆ ಅರ್ಥವಾಗುತ್ತೆ. ಆದ್ರೆ ಮೋಡ ಅವರನ್ನ ಮುಟ್ಟಿಲ್ಲ. ಬಿಸಿಲು ತಾನೇ? ಬಿಸಿಲು ಕಡಿಮೆ ಮಾಡೋಕೇ ಈ ಯೋಜನೆ.”

“ಯಾರೊಬ್ಬರಿಗೂ ತೊಂದರೆ ಆಗ್ಲಿಲ್ಲ ಅಂತ ಈಗ ಹೇಳಿದ್ರಲ್ಲ ಇವರು. ನನ್ನ ಮಗಳು ಯಾರೊಬ್ಬರೂ ಅಲ್ವಾ?”

“ಹಾಗಲ್ಲ...”

“ಅವಳು ಬಿಸಿಲಿಗೆ ಸತ್ತಳು ಅನ್ನೋದು ನಿಮಗೆ ಬೇಕು. ಯಾಕೆ ಸತ್ತಳು ಅನ್ನೋದು ಬೇಡ. ನನಗೂ ಅದು ಬೇಡವಾಗಿತ್ತು, ಸ್ವಾಮಿ. ಅದು ಬೇಡ ಅಂದ್ರೆ ನಾನೂ ಹಗುರ, ನೀವೂ ಹಗುರ. ಬಡಿದವಳು ನಾನು, ನಾನು ಹೊತ್ಕೋತೀನಿ. ನನ್ನ ಪಾಲು ನನಗಿರ್ಲಿ. ನಿಮ್ಮ ಪಾಲು ನೀವು ಹೊರಿ.”

ಅಧ್ಯಕ್ಷರು ಗಡಿಯಾರ ನೋಡಿದರು. “ಆಯ್ತು. ಕೊನೆಗೆ ಒಂದೇ ಮಾತು ಹೇಳಿ. ಮೋಡ ಬೇಕೋ ಬೇಡವೋ?”

ದೊಡ್ಡಕ್ಕ ಮುಂದಿನ ಸಾಲುಗಳ ಕಡೆ ನೋಡಿದಳು. ಕೆಳಗೆ ರೇಡಿಯೊಳ ಮುಖ ಕಂಡಿತು. ಬೆಳಿಗ್ಗೆಯೇ ಕಣ್ಣು ಕತ್ತಲೆ ಬರುವ ಮುಖ.

“ನನಗೆ ಗೊತ್ತಿಲ್ಲ,” ಎಂದಳು. “ನಿಜವಾಗಿ ಗೊತ್ತಿಲ್ಲ. ಆದ್ರೆ ನನ್ನ ತಲೆ ಮೇಲಿನ ಬಿಸಿಲನ್ನ ತೆಗೆಯೋ ಮೊದಲು ನನ್ನನ್ನ ಕೇಳ್ಬೇಕು. ಮಾಡಿ ಮುಗಿಸಿ ಆಮೇಲೆ ಕೇಳೋದಲ್ಲ.”

ಕೆಳಗಿಳಿಯುವಾಗ ಮೇಡಂ ಕೈ ಚಾಚಿದಳು. ದೊಡ್ಡಕ್ಕ ಆ ಕೈ ಹಿಡಿಯಲಿಲ್ಲ. ದೂಡಲೂ ಇಲ್ಲ.

ಅಧ್ಯಕ್ಷರು ಬೇಗಬೇಗ ಮುಂದಿನದಕ್ಕೆ ಹೋದರು. ಯೋಜನೆಗೆ ಒಪ್ಪಿಗೆ ಇರುವವರು ಮೊದಲು ಕೈ ಎತ್ತಬೇಕು, ಇಲ್ಲದವರು ಆಮೇಲೆ. ಯೋಜನಾ ಪ್ರದೇಶದ ನಿವಾಸಿಗಳು ಮಾತ್ರ. ಗುಮಾಸ್ತ ಪೆನ್ನು ಹಿಡಿದು ಸಾಲುಗಳ ನಡುವೆ ಬಂದ. ಮೊದಲು ರೇಡಿಯೊ ಕೈ ಎತ್ತಿದಳು. ಅವಳ ಹಿಂದೆ ಇನ್ನು ಕೆಲವರು. ಗುಮಾಸ್ತ ಅವರನ್ನು ದಾಟಿ ಮೂರನೇ ಸಾಲಿಗೆ ಹೋದ.

“ಏಯ್, ಇಲ್ಲಿ,” ಎಂದಳು ರೇಡಿಯೊ.

“ನಿಮ್ಮದು ಬರಲ್ಲ ಅಮ್ಮ.”

“ಯಾಕೆ ಬರಲ್ಲ? ಕೈ ಕಾಣಿಸ್ತಿಲ್ವಾ?”

ಗುಮಾಸ್ತ ಅಧ್ಯಕ್ಷರ ಕಡೆ ನೋಡಿದ. ಅವರು ಪಕ್ಕದವರ ಕಡೆ ನೋಡಿದರು. ಹಿರಿಯ ಅಧಿಕಾರಿ ಮೈಕಿಗೆ ಬಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ನಕ್ಷೆಯಲ್ಲಿ ಆಗರದ ಭಾಗ ಜನವಸತಿ ಇಲ್ಲದ ಪ್ರದೇಶ. ಆಗರದವರು ಕೆಲಸಕ್ಕೆ ಬಂದುಹೋಗುವವರು. ಅವರು ಇಲ್ಲಿ ನೊಂದವರೆಂದು ಮಾತಾಡಲು ಬಂದಿದ್ದಾರೆ. ಲೆಕ್ಕಕ್ಕೆ ಬರುವುದಿಲ್ಲ.

ಹೆಂಗಸರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎತ್ತಿದ ಕೈಗಳು ಇಳಿದವು. ಪ್ರಯೋಗದ ಸುದ್ದಿ ಎಲ್ಲರಿಗೂ ತಲುಪಿ ಆಗರಕ್ಕೆ ಮಾತ್ರ ಏಕೆ ತಲುಪಲಿಲ್ಲ ಎಂಬುದು ದೊಡ್ಡಕ್ಕನಿಗೆ ಈಗ ತಿಳಿಯಿತು. ಅವರು ಮರೆತದ್ದಲ್ಲ. ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಈ ಹೆಂಗಸರನ್ನು ಅವ್ವಂದಿರು ಹೆತ್ತದ್ದು ಆಗರದ ಗುಡಿಸಲುಗಳಲ್ಲಿ. ಇವರು ಅಲ್ಲೇ ಬೆಳೆದರು, ಅಲ್ಲೇ ಮುಟ್ಟಾದರು, ಅಲ್ಲೇ ಹೆತ್ತರು. ದೊಡ್ಡಕ್ಕನ ಗಂಡನನ್ನು ಆಗರದ ಏರಿಯ ಆಚೆಯೇ ಮಣ್ಣು ಮಾಡಿದ್ದು. ಮಗಳನ್ನೂ ಅಲ್ಲೇ.

ಅವಳಿಗೆ ಮೈಕು ಬೇಕಾಗಲಿಲ್ಲ.

“ಜನ ಇಲ್ಲದ ಜಾಗದಲ್ಲಿ ನನ್ನ ಮಗಳು ಹೇಗೆ ಸತ್ತಳು?”

ಅಧ್ಯಕ್ಷರು ನೀರು ಕುಡಿದರು. ಮೇಡಂ ವೇದಿಕೆಯ ಮೂಲೆಯಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳಿಯ ಗೋಡೆಗೆ ಒರಗಿಯೇ ನಿಂತಿದ್ದ. ಅವನ ಕೈಗಳು ಜೇಬಿನಲ್ಲಿದ್ದವು.

ದೊಡ್ಡಕ್ಕ ಕೈ ಎತ್ತಿದಳು. ಪಕ್ಕದವಳು ಎತ್ತಿದಳು. ಅವಳ ಪಕ್ಕದವಳೂ. ಬೇಕೆನ್ನುವವರು, ಬೇಡವೆನ್ನುವವರು, ಇನ್ನೂ ಏನೂ ತಿಳಿಯದವರು. ಎರಡು ಸಾಲಿನ ತುಂಬ ಕೈಗಳು. ಉಪ್ಪಿಗೆ ಬಿರಿದ ಬೆರಳುಗಳು, ಬಿಳಿಚಿದ ಅಂಗೈಗಳು.

“ನಾನು ಬೇಕು ಅನ್ನೋಳು ಕಣ್ರೋ!” ರೇಡಿಯೊ ಕೂಗಿದಳು. “ನಿಮ್ಮ ಮೋಡ ಬೇಕು ನನಗೆ! ಆದ್ರೂ ಮೊದಲು ಎಣಿಸಿ! ಮೊದಲು ನಮ್ಮನ್ನ ಎಣಿಸಿ, ಆಮೇಲೆ ನಿಮ್ಮ ಮೋಡ ಹಾರಿಸಿ!”

ಅಧ್ಯಕ್ಷರು ಚಹಾ ವಿರಾಮ ಘೋಷಿಸಿದರು. ವೇದಿಕೆಯವರು ಎದ್ದು ಹೋದರು. ಹಿಂದಿನ ಸಾಲುಗಳು ಖಾಲಿಯಾದವು. ಹೊರಗಿನಿಂದ ಕಪ್ಪುಗಳ ಸದ್ದು ಕೇಳಿಸಿತು. ಹೆಂಗಸರು ಆ ಚಳಿಯಲ್ಲಿ ಕೈ ಎತ್ತಿಕೊಂಡೇ ಕೂತರು. ದಿನವಿಡೀ ತಲೆಯ ಮೇಲಿನ ಬುಟ್ಟಿ ಹಿಡಿದು ನಡೆಯುವ ತೋಳುಗಳು. ನೋಯುತ್ತವೆ, ಬೇಗ ಸೋಲುವುದಿಲ್ಲ.

ಗುಮಾಸ್ತ ಮಾತ್ರ ಉಳಿದಿದ್ದ. ಹೋಗಬೇಕೋ ನಿಲ್ಲಬೇಕೋ ಅವನಿಗೆ ಯಾರೂ ಹೇಳಿರಲಿಲ್ಲ. ವಯಸ್ಸಾದವನು. ದೊಡ್ಡಕ್ಕನ ಎತ್ತಿದ ತೋಳನ್ನು ನೋಡಿ ಹತ್ತಿರ ಬಂದ.

“ಕೈ ಇಳಿಸಿಬಿಡಿ ಅಮ್ಮ. ನೋವಾಗುತ್ತೆ.”

“ಆಗ್ಲಿ,” ಎಂದಳು ದೊಡ್ಡಕ್ಕ. “ನೀನು ಎಣಿಸು. ಮೊದಲು ನನ್ನ ಮಗಳು. ಆಮೇಲೆ ನಾನು.”